ವೇಗವರ್ಧಕ ಸುರಂಗಗಳ ವಿಕಿರಣವೂ ವಿದ್ಯುನ್ಮಾನ ಸಲಕರಣೆಗಳೂ: ಕುರ್ಲಾದಿಂದ ಹೊರಡುವ ಎರಡು ದಾರಿಗಳ ಚರಿತ್ರೆ

ಮುಂಬಯಿಯ ಪೂರ್ವ ಉಪನಗರಗಳಲ್ಲಿ ಕುರ್ಲಾ ಕವಲುದಾರಿಯ ಊರು. ಇಲ್ಲಿ ಹಾರ್ಬರ್ ಮಾರ್ಗದ ಗಾಡಿಯು ಮುಖ್ಯಮಾರ್ಗವನ್ನು ಅಗಲಿ ಚೆಂಬೂರು, ಗೋವಂಡಿಗಳನ್ನು ಹಾಯ್ದು ಮಾನ್‌ಖುರ್ದಿನತ್ತ ತಿರುಗುತ್ತದೆ. ಆ ದಿಕ್ಕಿನಲ್ಲಿಯೇ ಟ್ರಾಂಬೆಯ ಗುಡ್ಡವೂ, ಗುಡ್ಡದ ಮಗ್ಗುಲಲ್ಲಿ ಕೊಲ್ಲಿಯ ದಂಡೆಯ ಮೇಲೆ ಭಾಭಾ ಪರಮಾಣು ಸಂಶೋಧನ ಕೇಂದ್ರವೂ ಇವೆ. ಅದೇ ಕುರ್ಲಾದಲ್ಲಿರುವ ಲೋಕಮಾನ್ಯ ತಿಲಕ ಟರ್ಮಿನಸ್ಸಿನಿಂದ, ಕೊಂಕಣ ರೈಲುಮಾರ್ಗವು ತೆರೆದ 1998ನೆಯ ಇಸವಿಯಿಂದೀಚೆಗೆ, ಮತ್ಸ್ಯಗಂಧಾ ಗಾಡಿಯು ಮಧ್ಯಾಹ್ನ ಹೊರಟು ಮರುದಿನ ಬೆಳಗ್ಗೆ ಮಂಗಳೂರನ್ನು ಮುಟ್ಟುತ್ತದೆ. ಮಂಗಳೂರಿನ ಹೊರವಲಯದ ಕೊಣಾಜೆಯಲ್ಲಿ ವಿಶ್ವವಿದ್ಯಾನಿಲಯವಿದೆ. ಕುರ್ಲಾದ ಬಂಟರ ಭವನದಲ್ಲಿ ಕೂಡುವ ಕರಾವಳಿಯ ಜನರಿಗೆ ಈ ಎರಡು ದಾರಿಗಳೂ ನಿತ್ಯಪರಿಚಿತವಾದವು. ಒಂದು ದುಡಿಮೆಯ ದಾರಿ, ಇನ್ನೊಂದು ಊರಿನ ದಾರಿ. ಆದರೆ ಇವೆರಡರ ಕೊನೆಯಲ್ಲಿಯೂ ಒಂದೊಂದು ಕಣವೇಗವರ್ಧಕವಿದೆ ಎಂಬುದನ್ನು, ಮತ್ತು ಅಂತಹ ಯಂತ್ರಗಳ ಗೋಡೆಯೊಳಗೆ ನಡೆಯುವ ಒಂದು ಸೂಕ್ಷ್ಮವಾದ ಹಾನಿಯ ಕಥೆಯಲ್ಲಿ ಕನ್ನಡ ನಾಡಿನ ಪಾಲು ಅಲ್ಪವಲ್ಲ ಎಂಬುದನ್ನು ಬಲ್ಲವರು ವಿರಳ.

ಎಲೆಕ್ಟ್ರಾನು, ಪ್ರೋಟಾನು, ಇಲ್ಲವೆ ಇನ್ನೂ ಭಾರವಾದ ಅಯಾನುಗಳನ್ನು ವಿದ್ಯುತ್ ಸೆಳೆತದಿಂದ ಅಪಾರ ವೇಗಕ್ಕೇರಿಸುವ ಯಂತ್ರಕ್ಕೆ ವೇಗವರ್ಧಕವೆಂದು ಹೆಸರು. ಕಣಗಳು ನಿರ್ವಾತ ಕೊಳವೆಯೊಳಗೆ ಓಡುತ್ತಿರುವಷ್ಟು ಕಾಲ ಕೊಳವೆಯ ಹೊರಗೆ ಹೆಚ್ಚಿನ ಬಾಧೆಯಿಲ್ಲ. ದಾರಿತಪ್ಪಿದ ಕಣವು ಲೋಹವನ್ನೋ ಉಳಿದ ಗಾಳಿಯ ಅಣುವನ್ನೋ ಬಡಿದಾಗ ಮಾತ್ರ ತೊಂದರೆ ಮೊದಲಾಗುತ್ತದೆ. ಎಲೆಕ್ಟ್ರಾನಾದರೆ ಕ್ಷಕಿರಣಗಳು ಹೊಮ್ಮುತ್ತವೆ. ಹೆಚ್ಚು ಶಕ್ತಿಯ ಪ್ರೋಟಾನಾದರೆ ಪರಮಾಣುವಿನ ಗರ್ಭವೇ ಸಿಡಿದು ನ್ಯೂಟ್ರಾನುಗಳು ಎಲ್ಲ ದಿಕ್ಕುಗಳಿಗೂ ಚೆಲ್ಲುತ್ತವೆ. ಈ ಕಾರಣದಿಂದಲೇ ಯಂತ್ರವನ್ನು ದಪ್ಪ ಕಾಂಕ್ರೀಟಿನ ಕೋಣೆಯಲ್ಲಿಯೋ ನೆಲದಡಿಯ ಸುರಂಗದಲ್ಲಿಯೋ ಇಡುವುದು ವಾಡಿಕೆ. ಕೋಣೆಯ ಪ್ರವೇಶದ್ವಾರವು ನೇರವಾಗಿರದೆ ಎರಡು ಮೂರು ಕಡೆ ಮುರಿದು ತಿರುಗುತ್ತದೆ. ಚಿತ್ರದುರ್ಗದ ಕೋಟೆಯ ಬಾಗಿಲುಗಳನ್ನು ನೋಡಿದವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಶತ್ರುವಿನ ಆನೆಗೆ ನೇರವಾಗಿ ನುಗ್ಗಲು ಎಡೆಯಿರಲಿಲ್ಲ, ಇಲ್ಲಿ ನ್ಯೂಟ್ರಾನಿಗೆ ಎಡೆಯಿಲ್ಲ. ಪ್ರತಿಯೊಂದು ತಿರುವಿನಲ್ಲಿಯೂ ಅದು ಗೋಡೆಗೆ ಹಾಯ್ದು ಬಲಗುಂದುತ್ತದೆ.

ಮುಂಬಯಿಯಲ್ಲಿ ಈ ವಿದ್ಯೆ ನೆಲೆಗೊಂಡ ಬಗೆಯೂ ಕನ್ನಡ ನಾಡಿನಿಂದಲೇ ಆರಂಭವಾಗುತ್ತದೆ. ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು 1945ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿ ಹುಟ್ಟಿ, ಅದೇ ವರ್ಷದ ಕೊನೆಯಲ್ಲಿ ಮುಂಬಯಿಗೆ ಬಂದಿತು. 1950ರ ದಶಕದಲ್ಲಿ ಅಲ್ಲಿ ಹತ್ತು ಲಕ್ಷ ವೋಲ್ಟಿನ ಒಂದು ಕ್ಯಾಸ್ಕೇಡ್ ಜನರೇಟರು ಕೆಲಸ ಮಾಡುತ್ತಿತ್ತು. ಟ್ರಾಂಬೆಯಲ್ಲಿ 1954ರಲ್ಲಿ ಸ್ಥಾಪಿತವಾದ ಪರಮಾಣುಶಕ್ತಿ ಕೇಂದ್ರವು 1967ರಲ್ಲಿ ಭಾಭಾ ಅವರ ಹೆಸರನ್ನು ಪಡೆಯಿತು. 1960ರ ದಶಕದ ಆರಂಭದಲ್ಲಿ ಅಲ್ಲಿಗೆ 55 ಲಕ್ಷ ವೋಲ್ಟಿನ ವ್ಯಾನ್ ಡಿ ಗ್ರಾಫ್ ಯಂತ್ರ ಬಂದಿತು. ಅದರ ಕಾಲ ಮುಗಿದ ಮೇಲೆ ಅದೇ ಕಟ್ಟಡದಲ್ಲಿ, ಅದರ ಭಾರಿ ಪಾತ್ರೆಯನ್ನೇ ಬಳಸಿಕೊಂಡು, ಮಡಿಸಿದ ಹಾದಿಯ ಹೊಸ ಅಯಾನು ವೇಗವರ್ಧಕವನ್ನು ಕಟ್ಟಿ 2000ದಲ್ಲಿ ನಡೆಯಿಸಿದರು. ತುಮಕೂರಿನಲ್ಲಿ ಜನಿಸಿದ ರಾಜಾ ರಾಮಣ್ಣನವರು 1972ರಿಂದ 1978ರವರೆಗೂ, ಪುನಃ 1981ರಿಂದ 1983ರವರೆಗೂ ಈ ಕೇಂದ್ರದ ನಿರ್ದೇಶಕರಾಗಿದ್ದುದು ಸರ್ವವಿದಿತ.

ಆ ಕಾಲದಲ್ಲಿ ವಿಕಿರಣದ ಮಟ್ಟವನ್ನು ಅಳೆಯುತ್ತಿದ್ದುದು ಮನುಷ್ಯನಿಗಾಗಿ. ಎದೆಗೆ ಸಿಕ್ಕಿಸಿಕೊಳ್ಳುವ ಫಿಲ್ಮಿನ ಬಿಲ್ಲೆ, ಬಾಗಿಲಿನ ಕೆಂಪು ದೀಪ, ಬಾಗಿಲು ತೆರೆದೊಡನೆ ಯಂತ್ರವನ್ನು ನಿಲ್ಲಿಸುವ ಕೀಲು, ಇವೆಲ್ಲವೂ ಮನುಷ್ಯನ ರಕ್ಷಣೆಯ ಏರ್ಪಾಡುಗಳು. ಒಂದು ಕಿಲೋಗ್ರಾಂ ವಸ್ತು ಒಂದು ಜೌಲ್ ಶಕ್ತಿಯನ್ನು ಹೀರಿದರೆ ಆ ಪ್ರಮಾಣಕ್ಕೆ ಒಂದು ಗ್ರೇ ಎನ್ನುತ್ತಾರೆ. ನಾಲ್ಕೈದು ಗ್ರೇ ವಿಕಿರಣ ಮೈಯೆಲ್ಲಕ್ಕೂ ಒಮ್ಮೆಲೆ ಬಿದ್ದರೆ, ಚಿಕಿತ್ಸೆ ದೊರೆಯದ ಮನುಷ್ಯನು ಬದುಕುವುದು ಸಂಶಯ. ಆದರೆ ಅಷ್ಟು ಶಕ್ತಿಯಿಂದ ನೀರಿನ ತಾಪ ಏರುವುದು ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲು ಮಾತ್ರ! ವಿಕಿರಣದ ಕ್ರೌರ್ಯವಿರುವುದು ಅದರ ಕಾವಿನಲ್ಲಲ್ಲ, ಅದು ತಾಕುವ ಸ್ಥಳದ ಸೂಕ್ಷ್ಮತೆಯಲ್ಲಿ. ಈ ಮಾತನ್ನು ಜೀವಕೋಶಗಳ ವಿಷಯದಲ್ಲಿ ವಿಜ್ಞಾನಿಗಳು ಬೇಗನೆ ಅರಿತರು. ಯಂತ್ರದ ಮಿದುಳಾದ ವಿದ್ಯುನ್ಮಾನ ಸಲಕರಣೆಗಳಿಗೂ ಇದೇ ಮಾತು ಸಲ್ಲುತ್ತದೆಂಬ ಅರಿವು ಮೂಡಲು ಮಾತ್ರ ಬಹಳ ಕಾಲ ಹಿಡಿಯಿತು.

ವಿಳಂಬಕ್ಕೆ ಕಾರಣವಿಲ್ಲದಿಲ್ಲ. ಅಂದಿನ ವಿದ್ಯುನ್ಮಾನ ಸಲಕರಣೆಗಳು ನಿರ್ವಾತ ನಳಿಕೆಗಳಿಂದ ಕೂಡಿದ್ದುವು. ಟಾಟಾ ಸಂಸ್ಥೆಯವರು ತಾವೇ ಕಟ್ಟಿ 1960ರಲ್ಲಿ ನಡೆಯಿಸಿದ ಟಿಫ್ರಾಕ್ ಗಣಕಯಂತ್ರದಲ್ಲಿ ಸುಮಾರು 2700 ನಳಿಕೆಗಳಿದ್ದುವು. ನಳಿಕೆಯಲ್ಲಿ ಎಲೆಕ್ಟ್ರಾನು ಓಡುವುದು ಬರಿಯ ಬಯಲಿನಲ್ಲಿ; ಕೆಡಲು ಅಲ್ಲಿ ಹರಳಿನ ಕಟ್ಟಡವೇ ಇಲ್ಲ. ಅದು ಬಿಸಿಯಾಗುತ್ತಿತ್ತು, ಸುಟ್ಟುಹೋಗುತ್ತಿತ್ತು, ಒಡೆಯುತ್ತಿತ್ತು. ವಿಕಿರಣಕ್ಕೆ ಮಾತ್ರ ಬಹುಮಟ್ಟಿಗೆ ಜಗ್ಗುತ್ತಿರಲಿಲ್ಲ.

ಇಲ್ಲಿ ಕೋಲಾರದ ಪ್ರಸ್ತಾಪವು ಅಗತ್ಯ. ನಂಜನಗೂಡಿನಲ್ಲಿ ಜನಿಸಿ 1948ರಲ್ಲಿ ಟಾಟಾ ಸಂಸ್ಥೆಗೆ ಸೇರಿದ, ಮುಂದೆ 1975ರಿಂದ 1987ರವರೆಗೆ ಅದರ ನಿರ್ದೇಶಕರಾದ ಬಿ. ವಿ. ಶ್ರೀಕಂಠನ್ ಅವರು ಭಾಭಾ ಅವರ ಸೂಚನೆಯಂತೆ 1951ರಲ್ಲಿ ಕೋಲಾರದ ಚಿನ್ನದ ಗಣಿಗಿಳಿದು, ಆಕಾಶದಿಂದ ಬರುವ ವಿಶ್ವಕಿರಣಗಳು ಬಂಡೆಯನ್ನು ಭೇದಿಸಿ ಎಷ್ಟು ಆಳಕ್ಕೆ ಇಳಿಯುತ್ತವೆಂಬುದನ್ನು ಅಳೆಯಲಾರಂಭಿಸಿದರು. ಈ ಪರಂಪರೆಯೇ ಬೆಳೆದು 1965ರಲ್ಲಿ, ಸುಮಾರು 2300 ಮೀಟರು ಆಳದಲ್ಲಿ, ಭೂಮಿಯ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ದೊರೆಯಿತು. ವಿಕಿರಣದಿಂದ ತಪ್ಪಿಸಿಕೊಳ್ಳಲೆಂದು ವಿಜ್ಞಾನಿಗಳು ಸುರಂಗವನ್ನು ಹೊಕ್ಕದ್ದು ಕೋಲಾರದಲ್ಲಿ. ವಿಕಿರಣವನ್ನು ಹೊರಗೆ ಬಿಡದಿರಲೆಂದು ಸುರಂಗವನ್ನು ಕಟ್ಟಿದ್ದು ವೇಗವರ್ಧಕಗಳಲ್ಲಿ. ಬಂಡೆ ಒಂದೇ, ಅದರ ಉಪಯೋಗ ಮಾತ್ರ ತಿರುವುಮುರುವಾದುದು. ಕೋಲಾರದ ಬಂಡೆ ತಡೆಹಿಡಿದ ಆ ವಿಶ್ವಕಿರಣಗಳೇ ಮುಂದೆ ಟ್ರಾನ್ಸಿಸ್ಟರಿನ ಹಗೆಗಳೆಂದು ತಿಳಿದುಬಂದುವು.

1962ನೆಯ ವರ್ಷವನ್ನು ಈ ಚರಿತ್ರೆಯ ಮೊದಲ ಮೈಲಿಗಲ್ಲೆನ್ನಬಹುದು. ಆ ವರ್ಷದ ಜುಲೈ 9ರಂದು ಅಮೆರಿಕೆಯು ಪೆಸಿಫಿಕ್ ಸಾಗರದ ಮೇಲೆ ಸುಮಾರು 400 ಕಿಲೋಮೀಟರು ಎತ್ತರದಲ್ಲಿ ಪರಮಾಣು ಅಸ್ತ್ರವೊಂದನ್ನು ಸಿಡಿಸಿತು. ಅದರ ಮರುದಿನವೇ ಟೆಲ್‌ಸ್ಟಾರ್ ಎಂಬ ಸಂಪರ್ಕ ಉಪಗ್ರಹವು ಮೇಲೇರಿತು. ಸ್ಫೋಟದಿಂದ ಭೂಮಿಯ ಸುತ್ತ ಸೆರೆಸಿಕ್ಕಿದ ಎಲೆಕ್ಟ್ರಾನುಗಳ ನಡುವೆ ಹಾಯುತ್ತ ಹಾಯುತ್ತ ಅದರ ಆಜ್ಞಾಗ್ರಾಹಕದ ಟ್ರಾನ್ಸಿಸ್ಟರುಗಳು ಸೊರಗಿದುವು. ಭೂಮಿಯಿಂದ ಕಳುಹಿಸಿದ ಆಜ್ಞೆಗಳನ್ನು ಅದು ಕೇಳದಾಯಿತು. ನಡುವೆ ಕೆಲವು ದಿನ ಚೇತರಿಸಿಕೊಂಡರೂ 1963ರ ಫೆಬ್ರವರಿಯಲ್ಲಿ ಕಡೆಗೂ ಮೂಕವಾಯಿತು. ಅದೇ 1962ರಲ್ಲಿ ವಾಲ್ಮಾರ್ಕ್ ಮತ್ತು ಮಾರ್ಕಸ್ ಎಂಬ ಇಬ್ಬರು ತಜ್ಞರು, ಟ್ರಾನ್ಸಿಸ್ಟರುಗಳನ್ನು ಕಿರಿದುಗೊಳಿಸುತ್ತ ಹೋದರೆ ಒಂದು ದಿನ ಒಂಟಿ ವಿಶ್ವಕಿರಣವೇ ಅವುಗಳ ಕೆಲಸವನ್ನು ಕೆಡಿಸೀತೆಂದು ಲೆಕ್ಕಹಾಕಿ ಹೇಳಿದರು. ಉಪಗ್ರಹದ ಸಾವು ಎಲ್ಲರ ಕಣ್ಣಿಗೆ ಬಿತ್ತು. ಲೆಕ್ಕದ ಎಚ್ಚರಿಕೆಯಾದರೋ ಹಲವು ವರ್ಷ ಕಡತದಲ್ಲಿಯೇ ಉಳಿಯಿತು.

ಈ ಎರಡು ಘಟನೆಗಳಲ್ಲಿ ಕಾಣುವ ಕೇಡುಗಳು ಬೇರೆ ಬೇರೆ ಜಾತಿಯವು. ಟೆಲ್‌ಸ್ಟಾರಿನದು ಕೂಡಿಬರುವ ಕೇಡು. ಸಿಲಿಕಾನಿನ ಮೇಲಿರುವ ಗಾಜಿನಂತಹ ತೆಳು ಪೊರೆಯಲ್ಲಿ ವಿಕಿರಣವು ವಿದ್ಯುದಂಶವನ್ನು ಎಬ್ಬಿಸಿದಾಗ, ಅದರ ಒಂದು ಪಾಲು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ದಿನದಿನಕ್ಕೆ ಅದು ಸಂಚಯವಾಗಿ, ಮುಚ್ಚಿರಬೇಕಾದ ಬಾಗಿಲು ಅರೆತೆರೆದು ವಿದ್ಯುತ್ತು ಸೋರತೊಡಗುತ್ತದೆ. ಸಾಧಾರಣ ಅಂಗಡಿಯಲ್ಲಿ ಸಿಕ್ಕುವ ಬಿಲ್ಲೆಗಳು ನೂರಾರು ಗ್ರೇಗಳೊಳಗೆ, ಕೆಲವು ಅದಕ್ಕೂ ಮುಂಚೆಯೇ, ನಿರುಪಯುಕ್ತವಾಗುತ್ತವೆ. ಎರಡನೆಯದು ಹರಳಿನ ಭಂಗ. ನ್ಯೂಟ್ರಾನು ಸಿಲಿಕಾನ್ ಪರಮಾಣುವನ್ನು ಅದರ ಮಣೆಯಿಂದಲೇ ಎಬ್ಬಿಸಿ ದೂಡುತ್ತದೆ, ಪಂಕ್ತಿಯಲ್ಲಿ ಖಾಲಿ ಉಳಿದ ಮಣೆಯು ಹಾದುಹೋಗುವ ವಿದ್ಯುತ್ಕಣಗಳನ್ನು ನುಂಗುತ್ತದೆ. ವಾಲ್ಮಾರ್ಕ್ ಮತ್ತು ಮಾರ್ಕಸ್ ಕಂಡದ್ದು ಮೂರನೆಯದನ್ನು. ಇದರಲ್ಲಿ ಸಂಚಯದ ಮಾತೇ ಇಲ್ಲ. ಒಂದೇ ಕಣವು ಜ್ಞಾಪಕಕೋಶವೊಂದರ ಮೂಲಕ ಹಾದು ಸೊನ್ನೆಯನ್ನು ಒಂದಾಗಿಸಿ, ಇಲ್ಲವೆ ಒಂದನ್ನು ಸೊನ್ನೆಯಾಗಿಸಿ ಹೋಗುತ್ತದೆ. ಬಿಲ್ಲೆ ಸುಟ್ಟಿರುವುದಿಲ್ಲ, ಮುರಿದಿರುವುದಿಲ್ಲ. ಪರೀಕ್ಷಿಸಿದರೆ ಸರಿಯಾಗಿಯೇ ಇರುತ್ತದೆ. ಹೋಟೆಲಿನ ಖಾತೆಪುಸ್ತಕದಲ್ಲಿ ರಾತ್ರೋರಾತ್ರಿ ಒಂದು ಅಂಕಿ ತಾನಾಗಿ ಬದಲಾದರೆ ಯಜಮಾನನು ಯಾರನ್ನು ದೂರಿಯಾನು? ಗುಮಾಸ್ತನನ್ನೇ ದೂರುತ್ತಾನೆ. ಇಲ್ಲಿಯೂ ಬಹುಕಾಲ ದೂರು ಬಿದ್ದುದು ಯಂತ್ರಜ್ಞರ ತಲೆಯ ಮೇಲೆ.

1975ರಲ್ಲಿ ಅಮೆರಿಕೆಯ ಮೂವರು ಸಂಶೋಧಕರು ಉಪಗ್ರಹಗಳಲ್ಲಿ ಕಂಡ ಇಂತಹ ನಾಲ್ಕು ಅಕಾರಣ ಪಲ್ಲಟಗಳಿಗೆ ವಿಶ್ವಕಿರಣವೇ ಕಾರಣವೆಂದು ತೋರಿಸಿದರು. 1978ರಲ್ಲಿ ಇಂಟೆಲ್ ಕಂಪನಿಯ ಮೇ ಮತ್ತು ವುಡ್ಸ್, ಬಿಲ್ಲೆಯ ಹೊರಕವಚದ ಪಿಂಗಾಣಿಯಲ್ಲಿದ್ದ ಯುರೇನಿಯಂ ಮತ್ತು ಥೋರಿಯಂಗಳ ಲೇಶವೇ ಜ್ಞಾಪಕವನ್ನು ಕೆಡಿಸುತ್ತಿದೆಯೆಂದು ಹೊರಗೆಡಹಿದರು. ಅದರ ಮರುವರ್ಷ, ಸಮುದ್ರಮಟ್ಟದಲ್ಲಿಯೂ ವಿಶ್ವಕಿರಣದಿಂದ ಹುಟ್ಟುವ ನ್ಯೂಟ್ರಾನುಗಳು ಇದನ್ನೇ ಮಾಡಬಲ್ಲುವೆಂದು ಜೀಗ್ಲರ್ ಮತ್ತು ಲ್ಯಾನ್‌ಫರ್ಡ್ ವಾದಿಸಿದರು. ನ್ಯೂಯಾರ್ಕಿನಂತಹ ಊರಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ಬಲವಾದ ನ್ಯೂಟ್ರಾನುಗಳು ಬೀಳುತ್ತವೆ. ಭೂಮಧ್ಯರೇಖೆಗೆ ಹತ್ತಿರವಾದ ಮುಂಬಯಿಯಲ್ಲಿ, ಭೂಮಿಯ ಅಯಸ್ಕಾಂತದ ತಡೆ ಹೆಚ್ಚಾದ್ದರಿಂದ, ಇದಕ್ಕಿಂತ ಕಡಮೆ. ವಿಮಾನ ಹಾರುವ ಎತ್ತರದಲ್ಲಿ ನೂರಾರು ಪಾಲು ಹೆಚ್ಚು. ದೊಡ್ಡ ವೇಗವರ್ಧಕದ ಸುರಂಗದಲ್ಲಿಯಾದರೋ ಈ ಸಂಖ್ಯೆ ಕೋಟಿಗಳನ್ನು ದಾಟಿ ಎಷ್ಟೋ ಮುಂದೆ ಹೋಗುತ್ತದೆ. ಆದರೂ ಸುರಂಗಗಳನ್ನು ಕಟ್ಟುವವರು ಈ ಸಂಗತಿಯನ್ನು ಪೂರ್ಣವಾಗಿ ಮನಸ್ಸಿಗೆ ತಂದುಕೊಂಡುದು ಇನ್ನೂ ಮೂವತ್ತು ವರ್ಷಗಳ ತರುವಾಯ.

ಈ ನಡುವಣ ಕಾಲದಲ್ಲಿಯೇ ಮುಂಬಯಿ ಮತ್ತು ಕೊಣಾಜೆಗಳ ಯಂತ್ರಗಳು ಚಿತ್ರಕ್ಕೆ ಬರುತ್ತವೆ. ಕೊಲಾಬಾದ ಟಾಟಾ ಸಂಸ್ಥೆಯ ಆವರಣದಲ್ಲಿ ಗೋಪುರದಂತೆ ನಿಂತಿರುವ 140 ಲಕ್ಷ ವೋಲ್ಟಿನ ಪೆಲೆಟ್ರಾನ್ ಯಂತ್ರವನ್ನು ಟ್ರಾಂಬೆಯವರೂ ಟಾಟಾದವರೂ ಜೊತೆಗೂಡಿ 1988ರಲ್ಲಿ ನಡೆಯಿಸಿದರು. ಪರಮಾಣುಗರ್ಭದ ಅಧ್ಯಯನವೇ ಅದರ ಮುಖ್ಯೋದ್ದೇಶವಾದರೂ, ಅದರ ಭಾರವಾದ ಅಯಾನುಗಳಿಗೆ ಬೇರೊಂದು ಗಿರಾಕಿ ದೊರೆಯಿತು. ಬೆಂಗಳೂರಿನಲ್ಲಿ ಕಟ್ಟುವ ಉಪಗ್ರಹಗಳಲ್ಲಿ ಬಳಸುವ ಬಿಲ್ಲೆಗಳು ಆಕಾಶದ ಏಟನ್ನು ತಡೆದಾವೇ ಎಂಬುದನ್ನು ಮೊದಲೇ ಅರಿಯಲು, ಅವುಗಳ ಮುಚ್ಚಳ ತೆಗೆದು ಅಯಾನುಗಳ ದಾರಿಯಲ್ಲಿಟ್ಟು, ಎಷ್ಟು ಕಣಗಳಿಗೆ ಎಷ್ಟು ಅಂಕಿಗಳು ತಿರುಗಿದುವೆಂದು ಎಣಿಸುವುದು ಪದ್ಧತಿ. ಆಕಾಶದಲ್ಲಿ ವರ್ಷಗಟ್ಟಲೆ ಕಾದು ಕಾಣಬೇಕಾದುದನ್ನು ಇಲ್ಲಿ ಕೆಲವು ಗಂಟೆಗಳಲ್ಲಿ ಕಾಣಬಹುದು.

ಕೊಣಾಜೆಯ ಯಂತ್ರ ಇದಕ್ಕಿಂತ ಬಹಳ ಚಿಕ್ಕದು. ಆದರೆ ಈ ಲೇಖನದ ದೃಷ್ಟಿಯಿಂದ ಹೆಚ್ಚು ಗಮನಾರ್ಹ. 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾದ ಮಂಗಳೂರಿನವರು, ಇಂದೂರಿನ ವೇಗವರ್ಧಕ ಕೇಂದ್ರದ ಸಹಯೋಗದಿಂದ, 1990ರ ದಶಕದ ನಡುವಿನಲ್ಲಿ ಮಂಗಳಗಂಗೋತ್ರಿಯಲ್ಲಿ 80 ಲಕ್ಷ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಮೈಕ್ರೋಟ್ರಾನನ್ನು ಸ್ಥಾಪಿಸಿದರು. ರಷ್ಯಾದ ವೆಕ್ಸ್‌ಲರ್ 1944ರಲ್ಲಿ ಸೂಚಿಸಿದ ಯಂತ್ರವಿದು. ಸಮನಾದ ಅಯಸ್ಕಾಂತ ಕ್ಷೇತ್ರದಲ್ಲಿ ಎಲೆಕ್ಟ್ರಾನು ಸುತ್ತುತ್ತದೆ; ಪ್ರತಿ ಸುತ್ತಿಗೆ ಒಂದೇ ಗೂಡನ್ನು ಹಾಯ್ದು ಶಕ್ತಿಯನ್ನು ಪಡೆಯುತ್ತದೆ; ಪಡೆದಂತೆ ಅದರ ಸುತ್ತು ಹಿರಿದಾಗುತ್ತದೆ. ಎಲ್ಲ ಸುತ್ತುಗಳೂ ಆ ಗೂಡಿನಲ್ಲಿಯೇ ಒಂದನ್ನೊಂದು ಮುಟ್ಟುವುದರಿಂದ, ಚಿತ್ರದಲ್ಲಿ ಇದು ಒಂದೇ ಕಡೆ ಹೊಲಿದ ಬಳೆಗಳ ಗೊಂಚಲಿನಂತೆ ಕಾಣುತ್ತದೆ. ಹೊರಬಿದ್ದ ಎಲೆಕ್ಟ್ರಾನಿನ ವೇಗ ಬೆಳಕಿನ ವೇಗಕ್ಕಿಂತ ನೂರರಲ್ಲಿ ಒಂದು ಪಾಲಷ್ಟೂ ಕಡಮೆಯಿಲ್ಲ.

ಬೀಜಗಳು, ಹರಳುಗಳು, ಪ್ಲಾಸ್ಟಿಕ್ಕಿನ ಪೊರೆಗಳು ಮುಂತಾದ ನಾನಾ ವಸ್ತುಗಳ ಜೊತೆಗೆ, ಅಂಗಡಿಯಲ್ಲಿ ಸಿಕ್ಕುವ ಟ್ರಾನ್ಸಿಸ್ಟರು, ಡಯೋಡು, ಸೌರಕೋಶಗಳನ್ನೂ ಅಲ್ಲಿ ಎಲೆಕ್ಟ್ರಾನಿನ ಧಾರೆಗೆ ಒಡ್ಡಿ ನೋಡಲಾಯಿತು. ಧಾರೆಯ ಪ್ರಮಾಣ ಹೆಚ್ಚಿದಂತೆ ಟ್ರಾನ್ಸಿಸ್ಟರಿನ ವರ್ಧನಶಕ್ತಿ ಕುಗ್ಗುತ್ತದೆ, ಸೋರುವ ವಿದ್ಯುತ್ತು ಏರುತ್ತದೆ. ಕೆಟ್ಟ ಟ್ರಾನ್ಸಿಸ್ಟರನ್ನು ಕಾಯಿಸಿ ಹದಗೊಳಿಸಿದರೆ ಕಳೆದುಹೋದ ಶಕ್ತಿಯ ಒಂದು ಭಾಗ ಮರಳಿ ಬರುತ್ತದೆ, ಎಲ್ಲವೂ ಅಲ್ಲ. ಕೆಡುವುದನ್ನು ಕಲಿತರೆ ಕೆಡದಂತೆ ಮಾಡುವುದನ್ನು ಕಲಿಯಬಹುದು. ಇಂತಹ ಪರೀಕ್ಷೆಗಳಲ್ಲಿ ಅವಸರಕ್ಕೂ ಒಂದು ಬೆಲೆಯಿದೆ. ಕೆಲವು ಜಾತಿಯ ಟ್ರಾನ್ಸಿಸ್ಟರುಗಳು ಒಂದೇ ಮೊತ್ತದ ವಿಕಿರಣವನ್ನು ವೇಗವಾಗಿ ಪಡೆದಾಗ ತಡೆದುಕೊಂಡು, ನಿಧಾನವಾಗಿ ಪಡೆದಾಗ ಹೆಚ್ಚು ಕೆಡುತ್ತವೆಂದು 1991ರಲ್ಲಿ ಅಮೆರಿಕೆಯಲ್ಲಿ ಕಂಡುಬಂದಿತು. ಸುರಂಗದಲ್ಲಿಯೂ ಆಕಾಶದಲ್ಲಿಯೂ ವಿಕಿರಣವು ಬೀಳುವುದು ನಿಧಾನವಾಗಿ. ಆದ್ದರಿಂದ ಕೆಲವು ನಿಮಿಷಗಳ ಪರೀಕ್ಷೆಯಲ್ಲಿ ಗೆದ್ದ ಬಿಲ್ಲೆಯನ್ನು ಹತ್ತು ವರ್ಷದ ಕೆಲಸಕ್ಕೆ ನೇಮಿಸುವವರು ಎಚ್ಚರದಿಂದಿರಬೇಕು.

ಈ ಅರಿವೆಲ್ಲವೂ ಒರೆಗೆ ಹಚ್ಚಲ್ಪಟ್ಟದ್ದು ಜಿನೀವಾದ ಬಳಿ, ಸ್ವಿಜರ್ಲೆಂಡು ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿರುವ ಸೆರ್ನ್ ಪ್ರಯೋಗಶಾಲೆಯಲ್ಲಿ. ಅಲ್ಲಿಂದ ಇಟಲಿಯ ಗ್ರಾನ್ ಸಾಸ್ಸೋ ಪರ್ವತದವರೆಗೆ, 732 ಕಿಲೋಮೀಟರು ದೂರ ನೆಲದಡಿಯಿಂದಲೇ ನ್ಯೂಟ್ರಿನೋಗಳನ್ನು ಕಳುಹಿಸುವ ಏರ್ಪಾಡು 2006ರಲ್ಲಿ ಸಿದ್ಧವಾಗಿತ್ತು. 2007ರಲ್ಲಿ ಪೂರ್ಣ ಪ್ರಮಾಣದ ಕೆಲಸಕ್ಕೆ ತೊಡಗಿದ ಅಲ್ಪಕಾಲದಲ್ಲಿಯೇ ಅದು ನಿಲ್ಲಬೇಕಾಯಿತು. ಕೆಟ್ಟುದು ಪ್ರೋಟಾನಿನ ಧಾರೆಯಲ್ಲ, ಅಯಸ್ಕಾಂತವಲ್ಲ. ಸುರಂಗಕ್ಕೆ ಗಾಳಿಯಾಡಿಸುವ ಯಂತ್ರದ ನಿಯಂತ್ರಣ ಪೆಟ್ಟಿಗೆ. ಅದು ಸಾಧಾರಣ ಕಾರ್ಖಾನೆಗಳಲ್ಲಿರುವಂತಹ ಸಾಧಾರಣ ಪೆಟ್ಟಿಗೆ. ಪಕ್ಕದ ಸುರಂಗದಿಂದ ತಪ್ಪಿಸಿಕೊಂಡು ಬಂದ ಕಣಗಳು ಅದರ ಅಂಕಿಗಳನ್ನು ತಿರುವಿದ್ದುವು. ಕೋಟ್ಯಂತರ ಹಣದ ಪ್ರಯೋಗವನ್ನು ಒಂದು ಬೀಸಣಿಗೆಯ ಗುಮಾಸ್ತ ನಿಲ್ಲಿಸಿಬಿಟ್ಟ ಈ ಪ್ರಸಂಗವು ಸೆರ್ನ್‌ನವರ ಕಣ್ಣು ತೆರೆಯಿಸಿತು. ಏಕೆಂದರೆ ಅದೇ ವೇಳೆಗೆ ಅವರ ಮಹಾಯಂತ್ರವಾದ ಹ್ಯಾಡ್ರಾನ್ ಕೊಲೈಡರ್, ನೆಲದಡಿ ಸುಮಾರು 100 ಮೀಟರು ಆಳದ, 27 ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿ ಮುಗಿಯುವ ಹಂತದಲ್ಲಿತ್ತು. ಅದರ ಸಾವಿರಾರು ವಿದ್ಯುನ್ಮಾನ ಪೆಟ್ಟಿಗೆಗಳು ಸುರಂಗದೊಳಗೂ ಅದರ ಬದಿಯ ಗೂಡುಗಳಲ್ಲಿಯೂ ಆಗಲೇ ಕುಳಿತಿದ್ದುವು.

ಅವುಗಳಲ್ಲಿ ಭಾರತದವೂ ಇದ್ದುವೆಂಬುದು ಮುಂಬಯಿಯ ವಾಚಕರು ಮುಖ್ಯವಾಗಿ ಗಮನಿಸತಕ್ಕ ಸಂಗತಿ. ಆ ಯಂತ್ರದ 1232 ಮುಖ್ಯ ಬಾಗು ಅಯಸ್ಕಾಂತಗಳು ಶೂನ್ಯಕ್ಕಿಂತ 271 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಮಾತ್ರ ಕೆಲಸ ಮಾಡುತ್ತವೆ. ಎಲ್ಲಿಯಾದರೂ ಸ್ವಲ್ಪ ಕಾವು ಹುಟ್ಟಿ ತಂತಿಯು ತನ್ನ ಅತಿವಾಹಕತೆಯನ್ನು ಕಳೆದುಕೊಂಡರೆ, ಸುಮಾರು 12,000 ಆಂಪಿಯರಿನ ವಿದ್ಯುತ್ತು ಆ ಒಂದೆಡೆಯಲ್ಲಿಯೇ ತನ್ನ ಶಕ್ತಿಯನ್ನು ಸುರಿದು ಅಯಸ್ಕಾಂತವನ್ನು ಕರಗಿಸಿಬಿಡುತ್ತದೆ. ಅದನ್ನು ತಪ್ಪಿಸಲು ಇಡೀ ಅಯಸ್ಕಾಂತವನ್ನೇ ಕ್ಷಣಾರ್ಧದಲ್ಲಿ ಸಮನಾಗಿ ಕಾಯಿಸುವ ವಿದ್ಯುತ್ ಪೆಟ್ಟಿಗೆಗಳಿವೆ. ಇಂತಹ ಸುಮಾರು 5500 ಪೆಟ್ಟಿಗೆಗಳನ್ನು ಪರಮಾಣುಶಕ್ತಿ ಇಲಾಖೆಯ ಮೂಲಕ ಭಾರತದ ಕಾರ್ಖಾನೆಗಳು ಒದಗಿಸಿದುವು. ಅಯಸ್ಕಾಂತಗಳ ಸ್ಥಳೀಯ ರಕ್ಷಣಾ ಘಟಕಗಳು 1400ಕ್ಕೂ ಮಿಕ್ಕಿ ಹೋದುವು. ಅಯಸ್ಕಾಂತಗಳನ್ನು ಹೊತ್ತು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಸರಿಸುವ ಸುಮಾರು 7000 ಜಾಕುಗಳೂ ಇಲ್ಲಿಯವೇ, ಅವುಗಳಲ್ಲಿ ಒಂದು ಪಾಲು ಬೆಂಗಳೂರಿನಲ್ಲಿ ತಯಾರಾದುವು. ಜಾಕು ಉಕ್ಕಿನದು, ವಿಕಿರಣಕ್ಕೆ ಅದು ಹೆದರಬೇಕಾಗಿಲ್ಲ. ರಕ್ಷಣೆಯ ಪೆಟ್ಟಿಗೆಗಳ ಸ್ಥಿತಿ ಬೇರೆ. ಅವು ಅಯಸ್ಕಾಂತದ ಅಡಿಯಲ್ಲಿಯೇ, ಧಾರೆಯಿಂದ ಮಾರುದೂರದಲ್ಲಿ, ಕಾವಲುಗಾರನಂತೆ ನಿಂತಿರಬೇಕು. ಆದ್ದರಿಂದ ಸುರಂಗದಲ್ಲಿಡುವ ಇಂತಹ ಉಪಕರಣಗಳ ಘಟಕಭಾಗಗಳನ್ನು ವಿಕಿರಣಕ್ಕೆ ಒಡ್ಡಿ ಆರಿಸಬೇಕಾಗಿತ್ತು.

2010ರಿಂದ ಘರ್ಷಣೆಗಳು ಹೆಚ್ಚಿದಂತೆ ಭಯವೂ ನಿಜವಾಯಿತು. ವಿದ್ಯುನ್ಮಾನ ಪೆಟ್ಟಿಗೆಯೊಂದು ಸುಳ್ಳು ಸೂಚನೆ ಕೊಟ್ಟಿತೆಂದರೆ ಯಂತ್ರವು ತನ್ನ ಧಾರೆಯನ್ನು ಎರಡು ಮೂರು ಸುತ್ತುಗಳೊಳಗೆ, ಅಂದರೆ ಸೆಕೆಂಡಿನ ಕೆಲವು ಹತ್ತುಸಾವಿರದ ಪಾಲಿನಲ್ಲಿ, ಗ್ರಾಫೈಟಿನ ದಿಮ್ಮಿಗೆ ಸುರಿದುಬಿಡುತ್ತದೆ. ಮತ್ತೆ ತುಂಬಿಸಿ ಸಜ್ಜುಗೊಳಿಸಲು ಗಂಟೆಗಳು ಬೇಕು. ಘರ್ಷಣೆಗಳನ್ನು ಎಣಿಸುವ ಒಂದು ನಿಶ್ಚಿತ ಅಳತೆಗೆ 2011ರಲ್ಲಿ ವಿಕಿರಣದ ಕಾರಣದಿಂದಲೇ ಇಂತಹ ಸುಮಾರು 12 ನಿಲುಗಡೆಗಳಾದುವು. ಪೆಟ್ಟಿಗೆಗಳನ್ನು ದೂರದ ಗೂಡುಗಳಿಗೆ ಸಾಗಿಸಿ, ಉಕ್ಕು ಮತ್ತು ಕಾಂಕ್ರೀಟಿನ ಮರೆ ಕಟ್ಟಿದ ಮೇಲೆ 2012ರಲ್ಲಿ ಅದೇ ಅಳತೆಗೆ ಅವು ಸುಮಾರು ಮೂರಕ್ಕಿಳಿದುವು. 2013 ಮತ್ತು 2014ರ ದೀರ್ಘ ವಿರಾಮದಲ್ಲಿ ಈ ಕೆಲಸ ಇನ್ನೂ ವಿಸ್ತಾರವಾಗಿ ನಡೆಯಿತು. ಸುರಂಗದ ಉದ್ದಕ್ಕೂ ವಿಕಿರಣಮಾಪಕಗಳನ್ನು ನೆಟ್ಟರು. ಅವುಗಳಲ್ಲಿ ಒಂದು ಅಂಗವು ಸಾಧಾರಣ ಜ್ಞಾಪಕಬಿಲ್ಲೆ! ಯಾವ ಬಿಲ್ಲೆಯ ಅಂಕಿಗಳು ತಿರುಗುವುದೇ ರೋಗವಾಗಿತ್ತೋ, ಆ ತಿರುವನ್ನೇ ಎಣಿಸಿ ಬಲವಾದ ಕಣಗಳ ಸಂಖ್ಯೆಯನ್ನು ಅಳೆಯುವ ಉಪಾಯವಿದು. ಮನುಷ್ಯನ ಎದೆಯ ಮೇಲಿದ್ದ ಫಿಲ್ಮಿನ ಬಿಲ್ಲೆಗೆ ಸಮನಾದ ಬಿಲ್ಲೆಯೊಂದು ಯಂತ್ರಕ್ಕೂ ಕೊನೆಗೆ ದೊರೆಯಿತು.

ಹೀಗೆ ತಯಾರಾದ ಎರಡನೆಯ ನಕ್ಷೆಯು ಮನುಷ್ಯನಿಗಾಗಿ ಬರೆದ ಮೊದಲನೆಯ ನಕ್ಷೆಗೆ ಹೊಂದುವುದಿಲ್ಲ. ಯಂತ್ರ ನಿಂತ ಮೇಲೆ ಮನುಷ್ಯನು ಒಳಹೋಗುತ್ತಾನೆ. ಅವನಿಗೆ ಮುಖ್ಯವಾದುದು ಲೋಹಗಳಲ್ಲಿ ಉಳಿದಿರುವ ವಿಕಿರಣ. ಭಾರತದಲ್ಲಿ ವಿಕಿರಣದ ನಡುವೆ ದುಡಿಯುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟಿನ ಮಿತಿಯಿದೆ. ಪೆಟ್ಟಿಗೆಯಾದರೋ ಯಂತ್ರ ನಡೆಯುವಾಗಲೇ ಒಳಗಿರಬೇಕು. ಅದಕ್ಕೆ ರಜೆಯಿಲ್ಲ, ಸರಾಸರಿಯ ಸಮಾಧಾನವೂ ಇಲ್ಲ. ಮನುಷ್ಯನಿಗೆ ನಿರ್ಬಾಧಕವೆಂದು ಬರೆದ ಮೂಲೆಯಲ್ಲಿ ಒಂದೇ ಕಣ ಅದನ್ನು ಕೆಡಿಸಬಹುದು. ಇದಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ಒಂದು ತೀರ ಹಳೆಯದು, ಪಂಚಾಯತಿ. ಒಂದೇ ಲೆಕ್ಕವನ್ನು ಮೂರು ಕಡೆ ಇಟ್ಟು, ಮೂವರಲ್ಲಿ ಇಬ್ಬರು ಹೇಳಿದ್ದನ್ನೇ ತೀರ್ಪೆಂದು ತೆಗೆದುಕೊಳ್ಳುವುದು. ಒಬ್ಬನ ನಾಲಗೆಯನ್ನು ವಿಕಿರಣವು ತಿರುಚಿದರೂ ಸಭೆ ಕೆಡುವುದಿಲ್ಲ.

ಕೆಲವು ಸಲಕರಣೆಗಳನ್ನು ಮಾತ್ರ ಎಲ್ಲಿಗೂ ಸಾಗಿಸುವಂತಿಲ್ಲ, ಏಕೆಂದರೆ ಏಟು ತಿನ್ನುವುದೇ ಅವುಗಳ ಕೆಲಸ. ಅದೇ ಮಹಾಯಂತ್ರದ ಸಿಎಂಎಸ್ ಎಂಬ ಪ್ರಯೋಗದಲ್ಲಿ ಕಣಗಳ ಗುರುತು ಹಿಡಿಯುವ ಸಿಲಿಕಾನ್ ಪಟ್ಟಿಕೆಗಳಿವೆ. ಅವುಗಳಲ್ಲಿ ಸುಮಾರು ಒಂದು ಸಾವಿರವನ್ನು ಟ್ರಾಂಬೆಯ ವಿಜ್ಞಾನಿಗಳು ರೂಪಿಸಿ, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರು ಮಾಡಿಸಿ ಕಳುಹಿಸಿದರು. ಒಂದೊಂದೂ 63 ಮಿಲಿಮೀಟರು ಚೌಕ, ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ತೆಳು, ಅದರ ಮೇಲೆ 32 ಗೆರೆಗಳು. 2009ರಲ್ಲಿ ಅವು ಸ್ಥಾಪಿತವಾದುವು. ಪ್ರತಿ ಚದರ ಸೆಂಟಿಮೀಟರಿನ ಮೇಲೆ ಒಟ್ಟು ಕೋಟಿ ಕೋಟಿಗಿಂತಲೂ ಹೆಚ್ಚು ನ್ಯೂಟ್ರಾನುಗಳ ಏಟನ್ನು ತಡೆಯುವಂತೆ ಅವುಗಳನ್ನು ರೂಪಿಸಬೇಕಾಗಿತ್ತು. ಭಂಗಗೊಂಡ ಹರಳಿನಿಂದ ಸೋರುವ ವಿದ್ಯುತ್ತನ್ನು ಹಿಡಿತದಲ್ಲಿಡಲು ಅವುಗಳನ್ನು ಶೂನ್ಯಕ್ಕಿಂತ ಕೆಳಗಿನ ಶೈತ್ಯದಲ್ಲಿ ಇಡುತ್ತಾರೆ. 2012ರಲ್ಲಿ ಹಿಗ್ಸ್ ಕಣದ ಶೋಧವನ್ನು ಸಾರಿದ ಎರಡು ಪ್ರಯೋಗಗಳಲ್ಲಿ ಸಿಎಂಎಸ್ ಒಂದು. ಆ ವಾರ್ತೆಯ ಗದ್ದಲದಲ್ಲಿ ಬೆಂಗಳೂರಿನ ಪಟ್ಟಿಕೆಗಳ ಹೆಸರು ಕೇಳಿಬರಲಿಲ್ಲ.

ಕುರ್ಲಾದ ಹಾರ್ಬರ್ ಮಾರ್ಗವು ಇಂದು ಮಾನ್‌ಖುರ್ದಿಗೆ ನಿಲ್ಲದೆ ಖಾಡಿಯನ್ನು ದಾಟಿ ನವಮುಂಬಯಿಗೆ ಹೋಗುತ್ತದೆ. ಅಲ್ಲಿಯ ಖಾರ್ಘರಿನಲ್ಲಿ, ಟಾಟಾ ಸ್ಮಾರಕ ಕೇಂದ್ರಕ್ಕೆ ಸೇರಿದ ಕ್ಯಾನ್ಸರ್ ಸಂಸ್ಥೆಯಲ್ಲಿ, 2023ರಿಂದ ಪ್ರೋಟಾನಿನ ಧಾರೆಯಿಂದ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿದೆ. ಪ್ರೋಟಾನು ಗಡ್ಡೆಯನ್ನು ಮುಟ್ಟಿ ನಿಲ್ಲುತ್ತದೆ. ಆದರೆ ಅದರ ದಾರಿಯಲ್ಲಿ ಹುಟ್ಟುವ ನ್ಯೂಟ್ರಾನುಗಳು ಅಲ್ಲಿಗೇ ನಿಲ್ಲುವುದಿಲ್ಲ. ವೃದ್ಧ ರೋಗಿಯ ಎದೆಯಲ್ಲಿ ಹೃದಯದ ಮಿಡಿತವನ್ನು ಕಾಯುವ ಪೇಸ್‌ಮೇಕರಿದ್ದರೆ, ಸುರಂಗದಲ್ಲಿ ಬೀಸಣಿಗೆಯ ಪೆಟ್ಟಿಗೆಗೆ ಆದದ್ದು ಇಲ್ಲಿಯೂ ಆಗಬಹುದು: ನೇರವಾಗಿ ಧಾರೆ ತಾಗದಿದ್ದರೂ ಅದರ ಜ್ಞಾಪಕದ ಅಂಕಿ ತಿರುಗಿ, ಯಂತ್ರವು ತನ್ನ ಮೂಲಸ್ಥಿತಿಗೆ ಜಾರಬಹುದು. ಆದ್ದರಿಂದ ಅಂತಹ ರೋಗಿಗಳಲ್ಲಿ ಪೇಸ್‌ಮೇಕರನ್ನು ಚಿಕಿತ್ಸೆಗೆ ಮುನ್ನವೂ ಆಮೇಲೂ ಪರೀಕ್ಷಿಸುವುದು, ಚಿಕಿತ್ಸೆಯ ವೇಳೆ ಹೃದಯದ ಬಡಿತವನ್ನು ಗಮನಿಸುತ್ತಿರುವುದು ವೈದ್ಯರ ಕ್ರಮವಾಗಿದೆ.